ರೀಟಾ ಹೇವರ್ತ್‌ಗೆ ಇದ್ದದ್ದು ಮರೆವಿನ ಕಾಯಿಲೆ

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹಾಲಿವುಡ್ ನಟಿ ರೀಟಾ ಹೇವರ್ತ್ ಬಗ್ಗೆ ಬಂದ ಲೇಖನ ಓದಿದೆ. ಅವರ ಐದು ಮದುವೆಗಳ ಕತೆಗೇ ಅರ್ಧ ಪುಟ ಹೋಗಿದೆ. ಕೊನೆಯಲ್ಲಿ, ಕುಡಿದು ಹಾಳಾದರು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆ ಸಾಲು ಓದಿ ಮನಸ್ಸಿಗೆ ತುಂಬ ನೋವಾಯಿತು.

ಅವರು ಮೊದಲು ಡ್ಯಾನ್ಸರ್, ಆಮೇಲೆ ನಟಿ. 1918ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದಾಗ ಇಟ್ಟ ಹೆಸರು ಮಾರ್ಗರೀಟಾ ಕಾರ್ಮೆನ್ ಕ್ಯಾನ್ಸಿನೊ. ಅಪ್ಪ ಸ್ಪೇನ್ ದೇಶದ ನೃತ್ಯಗಾರ. ಶಾಲೆಗೆ ಹೋಗಬೇಕಾದ ವಯಸ್ಸಿನಲ್ಲಿ ಈ ಹುಡುಗಿ ಅಪ್ಪನ ಜೋಡಿಯಾಗಿ ಮೆಕ್ಸಿಕೊದ ಟಿಜುವಾನದ ನೈಟ್ ಕ್ಲಬ್‌ಗಳಲ್ಲಿ ಕುಣಿಯುತ್ತಿದ್ದರು. ಸಿನಿಮಾಕ್ಕೆ ಬಂದಾಗ ಆ ಕಪ್ಪು ಕೂದಲು, ಸ್ಪ್ಯಾನಿಷ್ ಮುಖ ಸ್ಟುಡಿಯೊದವರಿಗೆ ಬೇಡವಾಯಿತು. ಹಣೆ ಅಗಲವಾಗಿ ಕಾಣಲಿ ಎಂದು ಮುಂದಲೆಯ ಕೂದಲನ್ನು ಬುಡದಿಂದಲೇ ಕರೆಂಟ್ ಸೂಜಿಯಲ್ಲಿ ಸುಟ್ಟು ತೆಗೆಸಿದರು. ಉಳಿದದ್ದಕ್ಕೆ ಕೆಂಪು ಬಣ್ಣ ಹಚ್ಚಿಸಿದರು. ಅಮ್ಮನ ಮನೆತನದ ಹೆಸರು ಇಟ್ಟರು. ಅದೆಷ್ಟು ನೋವು ತಿಂದಿರಬೇಕು, ಅಲ್ವಾ?

ಅವರನ್ನು ಸುಮ್ನೆ ಚೆಲುವೆ ಎಂದು ಬರೆಯುವವರು 1941, 1942ರಲ್ಲಿ ಫ್ರೆಡ್ ಅಸ್ಟೇರ್ ಜತೆ ಮಾಡಿದ ಎರಡು ಸಿನಿಮಾಗಳನ್ನು ಒಮ್ಮೆ ನೋಡಬೇಕು. ಅಂಥ ಕುಣಿತಗಾರನ ಪಕ್ಕದಲ್ಲಿ ಒಂದು ಹೆಜ್ಜೆಯೂ ಹಿಂದೆ ಬೀಳುವುದಿಲ್ಲ. 1946ರ ‘ಗಿಲ್ಡಾ’ದಲ್ಲಿ ಕೈಗವಸು ಕಳಚುತ್ತಾ ಹಾಡುವ ದೃಶ್ಯ ಎಲ್ಲರಿಗೂ ನೆನಪಿದೆ. ಆ ದನಿ ಅವರದಲ್ಲ, ಹಾಡಿದ್ದು ಅನಿತಾ ಎಲ್ಲಿಸ್. ಆದರೆ ಉಸಿರು, ಭುಜ, ಕಣ್ಣು ಎಲ್ಲ ಹಾಡಿನೊಳಗೇ ಇರುವುದರಿಂದ ಅದು ಬೇರೆಯವರ ದನಿ ಎಂದು ಅನ್ನಿಸುವುದೇ ಇಲ್ಲ. ನನಗೆ ಅದಕ್ಕಿಂತ ಇಷ್ಟವಾದದ್ದು 1958ರ ‘ಸೆಪರೇಟ್ ಟೇಬಲ್ಸ್’. ವಯಸ್ಸು ಮೀರುತ್ತಿದೆ ಎಂಬ ಭಯದಲ್ಲಿ, ವಿಚ್ಛೇದನವಾದ ಗಂಡನನ್ನು ಹುಡುಕಿಕೊಂಡು ಬರುವ ಹೆಂಗಸಿನ ಪಾತ್ರ ಅದು. ಕುಣಿತ ಇಲ್ಲ, ಹಾಡಿಲ್ಲ. ಬರೀ ಮುಖದಲ್ಲೇ ಆ ಭಯ ತೋರಿಸುತ್ತಾರೆ.

ಇನ್ನು ಕುಡಿತದ ಮಾತು. ಅವರು ಕುಡಿಯುತ್ತಲೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ 1972ರ ಕೊನೆಯ ಸಿನಿಮಾದಲ್ಲಿ ಮಾತುಗಳು ನೆನಪಿರದೆ ಒಂದೊಂದೇ ಸಾಲು ಹೇಳಿಕೊಟ್ಟು ಶೂಟಿಂಗ್ ಮಾಡಬೇಕಾಯಿತು. 1976ರಲ್ಲಿ ಲಂಡನ್ ವಿಮಾನ ನಿಲ್ದಾಣದಲ್ಲಿ ಕೆದರಿದ ತಲೆಯಲ್ಲಿ, ದಿಕ್ಕು ತೋಚದೆ ಇಳಿದಾಗ ಫೋಟೊ ತೆಗೆದು ಜಗತ್ತಿಗೆಲ್ಲ ಹಂಚಿದರು. ಅದಕ್ಕೆಲ್ಲ ಕಾರಣ ಅಲ್ಝೈಮರ್ ಎಂಬ ಮರೆವಿನ ಕಾಯಿಲೆ ಎಂದು ಜನರಿಗೆ ತಿಳಿದದ್ದು 1981ರಲ್ಲಿ. ಆಗ ಆ ಹೆಸರು ಕೇಳಿದವರೇ ಕಡಿಮೆ. ಮಗಳು ಯಾಸ್ಮಿನ್ ಅಗಾ ಖಾನ್ ಕೊನೆವರೆಗೂ ನೋಡಿಕೊಂಡರು. 1987ರ ಮೇ 14ರಂದು, 68ನೇ ವಯಸ್ಸಿನಲ್ಲಿ ರೀಟಾ ತೀರಿಕೊಂಡರು. ಈ ಕಾಯಿಲೆಯ ಸಂಶೋಧನೆಗೆ ಮಗಳು ಅಮ್ಮನ ಹೆಸರಿನಲ್ಲೇ ವರ್ಷಗಟ್ಟಲೆ ಹಣ ಕೂಡಿಸಿದರು.

ಇದನ್ನು ಇಷ್ಟು ಹಟ ಹಿಡಿದು ಬರೆಯಲು ಕಾರಣವಿದೆ. ನಮ್ಮಮ್ಮನಿಗೂ ಇದೇ ಕಾಯಿಲೆ. ಶುರುವಾದ ಎರಡು ವರ್ಷ ನಮಗೆ ಗೊತ್ತೇ ಆಗಲಿಲ್ಲ. ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದರೆ ರೇಗುತ್ತಿದ್ದೆವು. ಬಾಯಿಪಾಠವಿದ್ದ ದೇವರನಾಮ ಅರ್ಧಕ್ಕೇ ನಿಂತರೆ, ಎತ್ತಲೋ ಗಮನ ಇಟ್ಟಿದ್ದೀಯ ಎಂದು ಗದರಿದ್ದೇನೆ. ಆಗ ಅಮ್ಮ ನೋಡಿದ ನೋಟ ಈಗಲೂ ಕಣ್ಣ ಮುಂದಿದೆ.

ದಯವಿಟ್ಟು ಮುಂದಿನ ಪುರವಣಿಯಲ್ಲಿ ಆ ಸಾಲು ತಿದ್ದಿ, ಕಾಯಿಲೆಯ ಹೆಸರು ಹಾಕಿ. ಜತೆಗೆ ಫೋಟೊ ಹಾಕುವುದಾದರೆ ಅವರು ಕುಣಿಯುತ್ತಿರುವುದನ್ನೇ ಹಾಕಿ.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ