ಮೊದಲು ಸುಣ್ಣ, ಆಮೇಲೆ ಗೊಬ್ಬರ

ಶಿರಸಿ

ಚಿ. ಪ್ರಸನ್ನನಿಗೆ ದೊಡ್ಡಪ್ಪನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಅಡಿಕೆ ಮರಗಳ ಕೆಳಗಿನ ಸೋಗೆ ಹಳದಿಯಾಗುತ್ತಿದೆ, ಇನ್ನೆರಡು ಚೀಲ ಯೂರಿಯಾ ತರಿಸುತ್ತೇನೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಅಂದಿನಿಂದ ನನಗೆ ಸಮಾಧಾನವಿಲ್ಲ. ಈಗಲೇ ತರಿಸಬೇಡ.

ಇದೇ ತಪ್ಪನ್ನು ನಾನು ನಾಲ್ಕು ವರ್ಷ ಮಾಡಿದೆ. ಹಳದಿ ಕಂಡರೆ ಯೂರಿಯಾ, ಫಸಲು ಇಳಿದರೆ ಪೊಟ್ಯಾಷ್. ಕೊನೆಗೆ ಮಣ್ಣು ಪರೀಕ್ಷೆ ಮಾಡಿಸಿದರೆ ರಸಸಾರ (pH, ಏಳಕ್ಕಿಂತ ಇಳಿದಷ್ಟೂ ಮಣ್ಣು ಹುಳಿ) 4.9 ಎಂದು ಬಂತು. ಯೂರಿಯಾ ಆ ಹುಳಿಯನ್ನು ಇನ್ನಷ್ಟು ಏರಿಸಿತ್ತು. ಪೊಟ್ಯಾಷ್ ಅತಿಯಾಗಿ, ಬೇರಿಗೆ ಮೆಗ್ನೀಷಿಯಂ ಸಿಗದಂತಾಗಿತ್ತು. ದುಡ್ಡು ಕೊಟ್ಟು ಮರಗಳನ್ನು ಸೊರಗಿಸಿದೆ ಎಂಬ ನೋವು ಇಂದಿಗೂ ಹೋಗಿಲ್ಲ.

ನಮ್ಮದು ಜಂಬಿಟ್ಟಿಗೆಯ ನೆಲ. ಮಳೆ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಷ್ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಹಿಂದೆ ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ನೀನು ಹಾಕಿದ ರಂಜಕವನ್ನು ಅವೆರಡೂ ಹಿಡಿದಿಟ್ಟುಕೊಂಡು ಬೇರಿಗೆ ಬಿಡುವುದಿಲ್ಲ. ಹುಳಿ ಹೆಚ್ಚಿದಾಗ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಮೊಂಡು ಮಾಡುತ್ತದೆ. ಆದ್ದರಿಂದ ಮೊದಲ ಕೆಲಸ ಸುಣ್ಣ ಹಾಕಿ ಹುಳಿ ಇಳಿಸುವುದು. ಮೆಗ್ನೀಷಿಯಂ ಕೂಡ ಕೊರತೆಯಾಗಿದ್ದರೆ ಬರೀ ಸುಣ್ಣಕ್ಕಿಂತ ಡಾಲೊಮೈಟ್ ಕಲ್ಲಿನ ಪುಡಿ ಮೇಲು, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡೂ ಇವೆ. ಆದರೆ ಅಳತೆ ಮೀರಿದರೆ ಸತು, ಬೋರಾನ್ ಬೇರಿಗೆ ದಕ್ಕುವುದಿಲ್ಲ. ಎಷ್ಟು ಹಾಕಬೇಕೆಂಬುದನ್ನು ಮಣ್ಣು ಪರೀಕ್ಷೆಯ ವರದಿ ನೋಡಿಯೇ ನಿರ್ಧರಿಸು.

ವರದಿಯ ಬಗ್ಗೆ ಒಂದು ಮಾತು. 2015ರಲ್ಲಿ ಶುರುವಾದ ಸರ್ಕಾರದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿರುತ್ತವೆ, ಅವುಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಇಲ್ಲ. ನಮ್ಮ ಕಡೆಯ ತೋಟಕ್ಕೆ ಬೇಕಾದದ್ದೇ ಅವು. ಅವೆರಡನ್ನೂ ನೋಡಿಕೊಡಿ ಎಂದು ಪ್ರಯೋಗಾಲಯದಲ್ಲಿ ಬಾಯಿಬಿಟ್ಟು ಕೇಳು.

ಮರವೂ ಹೇಳುತ್ತದೆ, ನೋಡಲು ಕಲಿ. ಮೆಗ್ನೀಷಿಯಂ ಸಾಲದಿದ್ದರೆ ಮರ ಹಳೆಯ ಸೋಗೆಯಿಂದ ಅದನ್ನು ಹಿಂದೆಗೆದು ಎಳೆಯದಕ್ಕೆ ಕೊಡುತ್ತದೆ, ಹಾಗಾಗಿ ಹಳದಿ ಕೆಳಗಿನಿಂದ ಶುರು. ಬೋರಾನ್ ಹಾಗೆ ಸಾಗುವುದಿಲ್ಲ. ಅದರ ಕೊರತೆ ಸುಳಿಯಲ್ಲಿ ಕಾಣುತ್ತದೆ, ಹೊಸ ಸೋಗೆ ಸುಕ್ಕುಗಟ್ಟಿ ಗಿಡ್ಡವಾಗುತ್ತದೆ. ಬೋರಾನಿನಲ್ಲಿ ಕೊರತೆಗೂ ವಿಷಕ್ಕೂ ಅಂತರ ಬಹಳ ಕಡಿಮೆ, ಕೈಯಂದಾಜಿನಲ್ಲಿ ಎಂದೂ ಎರಚಬೇಡ. ಆದರೆ ಕೆಳಸೋಗೆಯ ಹಳದಿಗೆ ಸಾರಜನಕದ ಕೊರತೆಯೂ ಕಾರಣವಾಗಬಹುದು, ನೀರು ನಿಂತರೂ ಆಗಬಹುದು. ಬಸಿಗಾಲುವೆ ನೋಡಿದೆಯಾ?

ಹುಳಿ ಸರಿಹೋದ ಮೇಲೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸನ್ನು ಎರಡು ಕಂತಿನಲ್ಲಿ ಕೊಡು. ಜೊತೆಗೆ ಸೊಪ್ಪು, ಕೊಟ್ಟಿಗೆ ಗೊಬ್ಬರ. ನಮ್ಮ ಹಿರಿಯರಿಗೆ ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ (ಸೊಪ್ಪು ತರಲು ಬಿಟ್ಟುಕೊಟ್ಟ ಕಾಡು) ಸಿಕ್ಕಿದ್ದು ಸುಮ್ಮನೆ ಅಲ್ಲ. ಬೆಟ್ಟದ ಮರ ಆಳದಿಂದ ಎತ್ತಿದ ಖನಿಜವೇ ಸೊಪ್ಪಾಗಿ, ಕೊಟ್ಟಿಗೆಗೆ ಹಾಸಾಗಿ, ತೋಟಕ್ಕೆ ಬರುತ್ತಿತ್ತು. ಅದನ್ನು ಕೈಬಿಡಬೇಡ. ಬಚ್ಚಲೊಲೆಯ ಬೂದಿಯಲ್ಲಿ ಪೊಟ್ಯಾಷೂ ಸುಣ್ಣದ ಅಂಶವೂ ಇದೆ, ಆದರೆ ಹಸಿ ಸಗಣಿಗೆ ಬೆರೆಸಬೇಡ, ಸಾರಜನಕ ಹಾರಿಹೋಗುತ್ತದೆ. ಸುಣ್ಣ ಮತ್ತು ಯೂರಿಯಾ ಒಟ್ಟಿಗೆ ಹಾಕಿದರೂ ಅದೇ ನಷ್ಟ; ನಡುವೆ ಎರಡು ಮೂರು ವಾರ ಬಿಡು.

ಈ ವಾರವೇ ಮಣ್ಣು ತೆಗೆ. ಗೊಬ್ಬರ ಬೀಳದ ಹತ್ತು ಹನ್ನೆರಡು ಕಡೆ, ಒಂದು ಅಡಿ ಆಳದವರೆಗೆ, ತುಕ್ಕು ಹಿಡಿಯದ ಗುದ್ದಲಿಯಿಂದ. ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋ ಬಟ್ಟೆ ಚೀಲದಲ್ಲಿ ತುಂಬು. ಗೊಬ್ಬರದ ಚೀಲ ಬೇಡ. ಮೇಲಿನ ತೋಟ, ಕೆಳಗಿನ ತೋಟಕ್ಕೆ ಬೇರೆ ಬೇರೆ ಚೀಟಿ ಹಚ್ಚು. ಸೋಮವಾರ ನಾನು ಪೇಟೆಗೆ ಹೋಗುತ್ತೇನೆ, ಭಾನುವಾರ ಸಂಜೆಯೊಳಗೆ ಚೀಲ ತಲುಪಿಸಿದರೆ ನಾನೇ ಕೊಟ್ಟು ಬರುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ