ಡೈನೋಸಾರ್ ನಿಜ, ವಹಿ ಸುಳ್ಳು

ಪ್ರೀತಿಯ ದೋಸ್ತ,

ಕೊನೆಗೂ ಹ್ಯಾರಿ ಡ್ರೆಸ್ಡನ್ನನ ಕಥೆಗಳನ್ನು ಮತ್ತೆ ಕೈಗೆತ್ತಿಕೊಂಡಿದ್ದೇನೆ. 2014ರಲ್ಲಿ ಹದಿನೈದನೆಯ ಕಾದಂಬರಿ ಬಂದ ಮೇಲೆ ಮುಂದಿನದಕ್ಕಾಗಿ ಆರು ವರ್ಷ ನಮ್ಮನ್ನು ಕಾಯಿಸಿದವನು ಲೇಖಕ ಜಿಮ್ ಬುಚರ್. 2020ರಲ್ಲಿ ಒಂದರ ಹಿಂದೊಂದು ಎರಡು ಬಂದರೂ ಅವನ್ನು ಕಪಾಟಿನಲ್ಲಿಟ್ಟು ಕಾಯಿಸಿದವನು ನಾನು. ಹೊರಗೆ ಓಣಿಗಳೆಲ್ಲ ಮುಚ್ಚಿಕೊಂಡಿದ್ದ ಆ ವರ್ಷ, ಒಂದು ಊರಿನ ಮೇಲೆ ಒಂದೇ ರಾತ್ರಿಯಲ್ಲಿ ಯುದ್ಧ ಬಂದೆರಗುವ ಕಥೆಯನ್ನು ಓದುವ ಮನಸ್ಸಾಗಲಿಲ್ಲ. ಈಗ ನಿಂತಲ್ಲಿಂದಲೇ ಮುಂದುವರಿಸೋಣವೆಂದರೆ ಯಾರು ಯಾರ ಋಣದಲ್ಲಿದ್ದಾರೆ ಎಂಬುದೇ ಮರೆತುಹೋಗಿತ್ತು. ಆದ್ದರಿಂದ 2000ದ ಮೊದಲ ಪುಸ್ತಕಕ್ಕೇ ಮರಳಿದೆ.

ನಿನಗೆ ಇದೆಲ್ಲ ಬಾಯಿಪಾಠ. ಆದರೆ ಈ ಪತ್ರವನ್ನು ಪಕ್ಕದ ಸೀಟಿನಿಂದ ಇಣುಕಿ ಓದುತ್ತಿರುವವರಿಗಾಗಿ ಎರಡು ಮಾತು ಹೇಳಬೇಕು. ನಮ್ಮ ನಾಯಕ ಚಿಕಾಗೋದ ದೂರವಾಣಿ ಪುಸ್ತಕದಲ್ಲಿ ಮಾಂತ್ರಿಕನೆಂದೇ ಹೆಸರು ಹಾಕಿಸಿಕೊಂಡ ಮನುಷ್ಯ. ನೆಲಮಾಳಿಗೆಯಲ್ಲಿ ಬಾಡಿಗೆಗಿದ್ದಾನೆ, ಬಾಡಿಗೆ ಕೊಡುವುದೇ ಕಷ್ಟ. ಅವನು ಹತ್ತಿರ ಬಂದರೆ ಸಾಕು ಯಂತ್ರಗಳು ಕೆಡುವುದರಿಂದ ಮನೆಯಲ್ಲಿ ಮೇಣದಬತ್ತಿಯೇ ಗತಿ. ಇಂಥ ಕಥೆಗಳಲ್ಲಿ ಬೀದಿ, ಪೊಲೀಸು, ಟ್ರಾಫಿಕ್ಕು ಎಲ್ಲ ನಮ್ಮ ನಿತ್ಯದವೇ ಆಗಿದ್ದು, ಅವುಗಳ ಸಂದಿಯಲ್ಲಿ ರಕ್ತಪಿಶಾಚಿಗಳೂ ಯಕ್ಷಿಣಿಯರೂ ಸಂಸಾರ ಹೂಡಿರುತ್ತಾರೆ. ನಮಗಿಬ್ಬರಿಗೂ ಆಗ ಬಹಳ ಹಿಡಿಸಿದ್ದು ಹೊಸ್ತಿಲಿನ ನಿಯಮ: ಜನ ಬಾಳಿ ಬದುಕುವ ಮನೆಯ ಹೊಸ್ತಿಲಿಗೆ ತನ್ನದೇ ಶಕ್ತಿಯಿರುತ್ತದೆ, ಕರೆಯದೆ ದಾಟಿದ ಮಾಂತ್ರಿಕನ ಬಲದ ಬಹುಪಾಲು ಹೊರಗೇ ಉಳಿಯುತ್ತದೆ. ದಿನಾ ಬೆಳಗ್ಗೆ ಹೊಸ್ತಿಲು ತೊಳೆದು ರಂಗೋಲಿಯ ಎಳೆ ಎಳೆಯುವ ನಮ್ಮ ಅವ್ವಂದಿರಿಗೆ ಇದನ್ನು ಚಿಕಾಗೋದವರು ಬಂದು ಹೇಳಿಕೊಡಬೇಕಾಗಿರಲಿಲ್ಲ ಎಂದು ನೀನೇ ಹೇಳಿದ್ದೆ.

ಪುಸ್ತಕ ಯಾವಾಗಲೂ ಮೊದಲು ನಿನ್ನ ಕೈಗೆ ಹೋಗುತ್ತಿತ್ತು. ನಿನ್ನ ಇಂಗ್ಲಿಷು ಓಡುತ್ತಿತ್ತು, ನನ್ನದು ಕುಂಟುತ್ತಿತ್ತು. ಆಗ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸುಗಳು ಬಂದಿರಲಿಲ್ಲ. ಧಾರವಾಡದಿಂದ ಹೊರಟ ಸಾದಾ ಬಸ್ಸು ನವನಗರ ದಾಟಿ ಉಣಕಲ್ ಮುಟ್ಟುವಷ್ಟರಲ್ಲಿ ನೀನು ಎರಡು ಅಧ್ಯಾಯ ಹೇಳಿ ಮುಗಿಸುತ್ತಿದ್ದೆ. ನಮ್ಮ ಬಸ್ಸಿಗೇ ಬರುತ್ತಿದ್ದ ಛತ್ರಿ ಕಾಕಾ ಇಳಿಯುವ ಸ್ಟಾಪಿಗೆ ಸರಿಯಾಗಿ ಯಾರಾದರೊಬ್ಬರು ಸಾಯುತ್ತಿದ್ದರು. ಪುಸ್ತಕ ನನ್ನ ಕೈಗೆ ಬರುವ ಹೊತ್ತಿಗೆ ಕಥೆ ಗೊತ್ತಿರುತ್ತಿದ್ದುದರಿಂದ ನಾನು ಅರ್ಧ ಓದಿ, ಅರ್ಧ ಹಾರಿಸಿ ಹಿಂತಿರುಗಿಸುತ್ತಿದ್ದೆ.

ಈ ಸಲ ಒಂದು ಪುಟವನ್ನೂ ಹಾರಿಸದೆ ಓದುತ್ತ ಬಂದಾಗ, 2005ರ ಏಳನೆಯ ಪುಸ್ತಕದಲ್ಲಿ ಗಾಬರಿಯಾಯಿತು. ಹ್ಯಾರಿ ಚಿಕಾಗೋದ ಫೀಲ್ಡ್ ಮ್ಯೂಸಿಯಮ್ಮಿನಲ್ಲಿರುವ ಸೂ ಎಂಬ ಟಿರನೋಸಾರಸ್ಸಿನ ಅಸ್ಥಿಪಂಜರಕ್ಕೆ ಜೀವ ತುಂಬಿ, ಅದರ ಮೇಲೆ ಹತ್ತಿ ಊರ ಬೀದಿಯಲ್ಲಿ ಹೊರಡುತ್ತಾನೆ. ಹೆಣ ಕೊಯ್ಯುವ ಡಾಕ್ಟರನೊಬ್ಬ ಹಿಂದೆ ಕುಳಿತು ಪೋಲ್ಕಾ ಡೋಲು ಬಾರಿಸುತ್ತಾನೆ, ಏಕೆಂದರೆ ಡೋಲು ನಿಂತರೆ ಡೈನೋಸಾರ್ ಕೈಮೀರುತ್ತದೆ. ಸೂ ನಿಜವಾದ ಪಳೆಯುಳಿಕೆ, 1990ರಲ್ಲಿ ದಕ್ಷಿಣ ಡಕೋಟದಲ್ಲಿ ಸಿಕ್ಕಿದ್ದು. ಇಷ್ಟು ವರ್ಷ ನಾನು ಈ ಡೈನೋಸಾರ್ ಸವಾರಿ ನೀನು ಬಿಟ್ಟ ರೈಲು ಎಂದೇ ನಂಬಿದ್ದೆ. ಆದರೆ ಅದು ಅಚ್ಚಾಗಿದೆ, ಅಕ್ಷರ ಅಕ್ಷರ.

ಹಾಗಾದರೆ ಆ ಉದ್ರಿ ಲೆಕ್ಕದ ವಹಿಯ ಪ್ರಸಂಗ ಎಲ್ಲಿ?

ನಿನಗೆ ನೆನಪಿರಲೇಬೇಕು. ಹದಿಮೂರು ಮೇಜು, ಹದಿಮೂರು ಸ್ಟೂಲು, ಹದಿಮೂರು ಕಂಬಗಳಿರುವ ಮ್ಯಾಕನ ಪಬ್ಬಿಗೆ ಹ್ಯಾರಿ ಬರಿಗಿಸೆಯಲ್ಲಿ ಬರುತ್ತಾನೆ. ಮ್ಯಾಕ್ ಗಲ್ಲೆಯ ಕೆಳಗಿನಿಂದ ಉದ್ದನೆಯ ಕೆಂಪು ವಹಿ ತೆಗೆದು, ಹ್ಯಾರಿಯ ಸತ್ತ ತಂದೆಯ ಹೆಸರಿನಲ್ಲಿದ್ದ ಉದ್ರಿಗೆ ಗೀಟು ಎಳೆದು, "ಅಪ್ಪನ ಲೆಕ್ಕ ಮುಗೀತು, ನೀ ಉಣ್ಣು" ಎನ್ನುತ್ತಾನೆ. ಈ ಸರಣಿಯನ್ನು ಯಾರಿಗೇ ಶಿಫಾರಸು ಮಾಡಿದರೂ ನಾನು ಮೊದಲು ಹೇಳುತ್ತಿದ್ದುದು ಈ ದೃಶ್ಯವನ್ನೇ. ಇದನ್ನು ನಂಬಿ ಪುಸ್ತಕ ಕೊಂಡವರು ದುಡ್ಡನ್ನು ನಿನ್ನ ಹತ್ತಿರ ಕೇಳಲಿ, ಏಕೆಂದರೆ ಅದು ಯಾವ ಪುಸ್ತಕದಲ್ಲೂ ಇಲ್ಲ. ಹ್ಯಾರಿಯ ತಂದೆ ರಂಗದ ಮೇಲೆ ಕೈಚಳಕ ತೋರಿಸುತ್ತಿದ್ದ ಜಾದೂಗಾರ, ಮಗ ಚಿಕ್ಕವನಿದ್ದಾಗಲೇ ಸತ್ತವನು, ಅಷ್ಟು ಸರಿ. ಮ್ಯಾಕನಂತೂ ಹ್ಞೂಂ ಎನ್ನುವುದಕ್ಕೂ ಲೆಕ್ಕ ಹಾಕುವ ಮನುಷ್ಯ. ಅಷ್ಟುದ್ದ ಮಾತಾಡುವವನಲ್ಲ.

ಆಮೇಲೆ ನಿನ್ನ ಮಾತುಗಳನ್ನೇ ಒಂದೊಂದಾಗಿ ನೆನಪಿಸಿಕೊಂಡೆ. ವಹಿಯ ಮೊದಲ ಪುಟಕ್ಕೆ ಅರಿಶಿನ ಕುಂಕುಮ ಹಚ್ಚಿತ್ತು ಎಂದಿದ್ದೆ ನೀನು. ಚಿಕಾಗೋದ ಯಾವ ಪಬ್ಬಿನವನು ದೀಪಾವಳಿಗೆ ವಹಿ ಪೂಜೆ ಮಾಡುತ್ತಾನೆ ಮಾರಾಯಾ? "ಮುಂದ ಏನಾತು?" ಎಂದು ನಾನು ಕೇಳಿದ್ದಕ್ಕೆ, "ಮುಂದೇನಿಲ್ಲೋ, ಉಂಡ, ಕೈ ತೊಳಕೊಂಡ" ಎಂದು ಹೇಳಿ ನೀನು ಕಿಟಕಿಯ ಕಡೆ ತಿರುಗಿದ್ದೆ. ನಿಮ್ಮಪ್ಪ ತೀರಿಕೊಂಡು ಆಗ ವರ್ಷ ತುಂಬಿರಲಿಲ್ಲ. ಹೊಲದ ತಕರಾರಿಗೆಂದು ಧಾರವಾಡದ ಕೋರ್ಟಿಗೆ ಬಂದಾಗಲೆಲ್ಲ ಅವರು ಉಣ್ಣುತ್ತಿದ್ದ ಖಾನಾವಳಿಯಲ್ಲೇ ನೀನೂ ರಾತ್ರಿ ಉಣ್ಣುತ್ತಿದ್ದೆ.

ನನ್ನ ಊಹೆ ತಪ್ಪಿರಬಹುದು. ಆದರೂ ಎರಡು ದಿನ ನಿನ್ನ ಮೇಲೆ ಸಿಟ್ಟಿತ್ತು. ಪಕ್ಕದಲ್ಲಿ ಕುಳಿತ ನನಗೆ ನೇರವಾಗಿ ಹೇಳಬಾರದಿತ್ತೇ, ನಡುವೆ ಒಬ್ಬ ಅಮೆರಿಕದ ಮಾಂತ್ರಿಕ ಯಾಕೆ ಬೇಕಿತ್ತು ಎಂದು ಮನಸ್ಸಿನಲ್ಲೇ ಜಗಳ ಮಾಡಿದೆ. ನೇರವಾಗಿ ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ ಎಂಬುದು ಆಮೇಲೆ ಹೊಳೆಯಿತು: ಒಂದು ಚಹಾ ಕುಡಿಸಿ, ಮರುದಿನದಿಂದ ಬೇರೆ ಬಸ್ಸು ಹತ್ತುತ್ತಿದ್ದೆ. ಆ ವಯಸ್ಸಿನಲ್ಲಿ ಯಾರ ಮನೆಯ ಅಡಚಣೆಯ ಮಾತು ಕಿವಿಗೆ ಬಿದ್ದರೂ ನನ್ನ ಎದೆ ಹಾರುತ್ತಿತ್ತು. ನಮ್ಮ ಮನೆಯಲ್ಲೂ ಅಪ್ಪನ ಹೆಸರಿನ ಉದ್ರಿ ಕಿರಾಣಿ ಅಂಗಡಿಯಲ್ಲಿ ಬೆಳೆಯುತ್ತಿತ್ತು. ಅದನ್ನು ನಾನು ನಿನಗೆ ಯಾವ ಕಥೆಯ ನೆಪದಲ್ಲೂ ಹೇಳಲಿಲ್ಲ. ಬಹುಶಃ ನಿನಗದು ಗೊತ್ತಿತ್ತು. ನನ್ನಂಥವನ ಕಿವಿಗೆ ಎಷ್ಟು ದೂರದಿಂದ ಹೇಳಿದರೆ ತಾಗುತ್ತದೆ ಎಂಬುದು ಕೂಡ ಗೊತ್ತಿತ್ತು.

ಇಷ್ಟೆಲ್ಲ ಬರೆಯಬೇಕೆಂದು ಕುಳಿತವನಲ್ಲ. ಎಲ್ಲರ ಕಣ್ಣೆದುರು ಕರೆಯದೆ ನಿನ್ನ ಹೊಸ್ತಿಲು ದಾಟಿದ್ದೇನೆ, ನಿಯಮದ ಪ್ರಕಾರ ನನ್ನ ಮಾತಿನ ಬಲ ಹೊರಗೇ ಉಳಿದಿರುತ್ತದೆ. ಆದ್ದರಿಂದ ಯಾರೂ ಇದನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಾಗಿಲ್ಲ. ಹದಿನೇಳನೆಯ ಪುಸ್ತಕದಲ್ಲಿ ಯಾರು ಸಾಯುತ್ತಾರೆ ಎಂಬುದನ್ನೂ ಇಲ್ಲಿ ಬಿಟ್ಟುಕೊಡುವುದಿಲ್ಲ. ಓದಿ ಮುಗಿಸಿ ಒಂದು ಹೊತ್ತು ಊಟ ಬಿಟ್ಟೆ, ಆಮೇಲೆ ಮನೆಯವರು ಗಿರಮಿಟ್ಟು ತಂದದ್ದರಿಂದ ಶೋಕ ಅಲ್ಲಿಗೇ ಮುಗಿಯಿತು.

ವಹಿಯ ವಿಷಯ ಏನಾದರೂ ಹೇಳುವುದಿದ್ದರೆ ಫೋನ್ ಮಾಡು, ಈ ಸಲ "ಮುಂದ ಏನಾತು" ಎನ್ನುವುದಿಲ್ಲ. ಎಲ್ಲರೆದುರು ಉತ್ತರ ಬರೆಯುವುದಾದರೆ ಡೈನೋಸಾರಿನ ಬಗ್ಗೆ ಬರೆ. ಹಾಗೆಯೇ ನನ್ನ ಒಂಬತ್ತನೆಯ ಪುಸ್ತಕ ಇನ್ನೂ ನಿನ್ನ ಹತ್ತಿರವೇ ಇದೆ, ಅದನ್ನು ನಾನು ಮನ್ನಾ ಮಾಡಿಲ್ಲ.

ನಿನ್ನ,
ಹಿಂದಿನ ಸೀಟಿನವ