ನಕ್ಷೆಯೂ ನಾಣ್ಯವೂ ಬದಲಾದ ವರ್ಷ ನಾವು ನಾಲ್ಕನೇ ಕ್ಲಾಸು

ಮಾನ್ಯ ಸಂಪಾದಕರೇ,

ಹಳ್ಳಿಯ ಸರ್ಕಾರಿ ಶಾಲೆಗಳಿಗೆ ನೂರು ವರ್ಷ ತುಂಬಿದ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಆಗಾಗ ಓದುತ್ತಿರುತ್ತೇನೆ. ಹಳೆಯ ವಿದ್ಯಾರ್ಥಿಗಳು ಸೇರಿ ಕೊಠಡಿ ಕಟ್ಟಿಸುತ್ತಾರೆ, ಗೇಟು ಹಾಕಿಸುತ್ತಾರೆ, ಮೇಷ್ಟ್ರಿಗೆ ಶಾಲು ಹೊದಿಸುತ್ತಾರೆ. ಒಳ್ಳೆಯ ಕೆಲಸ. ಆದರೆ ಮುಂದಿನ ಸಾಲಿನಲ್ಲಿ ಕೂತ ಎಂಬತ್ತರ ಆಸುಪಾಸಿನವರಿಗೆ ಮೈಕು ಸಿಕ್ಕರೆ ಎರಡು ನಿಮಿಷ, ಅಷ್ಟೇ. ಅವರು ಕಂಡದ್ದನ್ನು ಪಕ್ಕದಲ್ಲಿ ಕೂತು ಬರೆದುಕೊಳ್ಳುವವರಿಲ್ಲ. ನಾನೂ ಆ ವಯಸ್ಸಿನವನು. ಹಾಗಾಗಿ ನನ್ನ ನೆನಪಿನಲ್ಲಿರುವುದನ್ನು ಇಲ್ಲಿ ಸ್ವಲ್ಪ ಬರೆಯುತ್ತೇನೆ.

ನಾನು ಓದಿದ್ದು ತಿಪಟೂರು ತಾಲ್ಲೂಕಿನ ಒಂದು ಏಕೋಪಾಧ್ಯಾಯ ಶಾಲೆಯಲ್ಲಿ. ಒಂದೇ ಹಜಾರ, ನಾಲ್ಕು ಕ್ಲಾಸು, ಒಬ್ಬರೇ ಮೇಷ್ಟ್ರು. 1956ರ ಜೂನಿನಲ್ಲಿ ನಾನು ನಾಲ್ಕನೇ ಕ್ಲಾಸಿಗೆ ಬಂದೆ. ಆಗ ಗೋಡೆಯ ಮೇಲಿದ್ದದ್ದು ಹಳೇ ಮೈಸೂರಿನ ನಕ್ಷೆ. ಬಟ್ಟೆಗೆ ಅಂಟಿಸಿದ್ದು, ಮೇಲೊಂದು ಕೆಳಗೊಂದು ಕೋಲು. ಒಂಬತ್ತು ಜಿಲ್ಲೆಗಳ ಹೆಸರನ್ನು ನಾವು ರಾಗವಾಗಿ ಒಪ್ಪಿಸುತ್ತಿದ್ದೆವು. 1953ರಲ್ಲಿ ಬಳ್ಳಾರಿ ಸೇರಿದ್ದನ್ನು ಮೇಷ್ಟ್ರು ಬಾಯಲ್ಲೇ ಹೇಳಿಸಿದ್ದರು. ನಕ್ಷೆಯಲ್ಲಿ ಅದು ಇರಲಿಲ್ಲ.

ಆ ವರ್ಷದ ನವೆಂಬರ್ 1ಕ್ಕೆ ರಾಜ್ಯ ದೊಡ್ಡದಾಯಿತು. ಒಟ್ಟು ಹತ್ತೊಂಬತ್ತು ಜಿಲ್ಲೆ. ಹೊಸ ನಕ್ಷೆ ನಮ್ಮಂಥ ಶಾಲೆಗೆ ಯಾವಾಗ ಬರಬೇಕು? ಮೇಷ್ಟ್ರು ಕಾಯಲಿಲ್ಲ. ಒಂದು ಇದ್ದಿಲು ತಂದು, ನೇತುಹಾಕಿದ್ದ ನಕ್ಷೆಯ ಅಂಚಿನಿಂದಲೇ ಸುಣ್ಣದ ಗೋಡೆಯ ಮೇಲೆ ಗೆರೆ ಎಳೆದುಕೊಂಡು ಹೋದರು. ಮಂಗಳೂರು ಕಿಟಕಿಯ ಪಕ್ಕ ಬಂತು. ಕೊಡಗು ಅದರ ಕೆಳಗೆ. ಧಾರವಾಡ, ಬೆಳಗಾವಿ, ಬಿಜಾಪುರ ಮೇಲೆ ಮೇಲೆ ಹೋದವು. ಬೀದರ್ ಬರೆಯಲು ಸ್ಟೂಲು ಹತ್ತಬೇಕಾಯಿತು. ಅದು ತೊಲೆಯ ಹತ್ತಿರಕ್ಕೇ ಹೋಗಿತ್ತು. ನಮ್ಮ ನಾಡು ಎಷ್ಟು ಉದ್ದ ಅನ್ನುವುದು ನನಗೆ ಗೊತ್ತಾದದ್ದು ಹಾಗೆ. ಆಮೇಲೆ ಎಷ್ಟೋ ಅಚ್ಚುಕಟ್ಟಾದ ನಕ್ಷೆಗಳನ್ನು ನೋಡಿದ್ದೇನೆ. ಅಷ್ಟು ಚೆನ್ನಾಗಿ ಪಾಠ ಹೇಳಿದ್ದು ಬೇರೆ ಯಾವುದೂ ಇಲ್ಲ.

ಅದೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂದಾಗ ದುಡ್ಡೂ ಬದಲಾಯಿತು. 1957ರ ಏಪ್ರಿಲ್ 1ರಿಂದ ನಯಾ ಪೈಸೆ. ಅಲ್ಲಿಯವರೆಗೆ ನಾವು ಕಲಿತದ್ದು ಹನ್ನೆರಡು ಪೈಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ. ಕೂಡುವಾಗ ಒಂದು ಸಾಲಿನಲ್ಲಿ ಹನ್ನೆರಡಕ್ಕೆ ದಶಕ ಒಯ್ಯಬೇಕು, ಪಕ್ಕದ ಸಾಲಿನಲ್ಲಿ ಹದಿನಾರಕ್ಕೆ. ಕಾಲು, ಅರೆ, ಮುಕ್ಕಾಲರ ಮಗ್ಗಿ ಬಾಯಿಗೆ ಬರದಿದ್ದರೆ ಬೆತ್ತ. ಈಗ ರೂಪಾಯಿಗೆ ನೂರು ಅಂದಾಗ ನಮಗೆ ಹಬ್ಬ!

ಆದರೆ ಹಳೆಯ ಆಣೆಗಳೂ ಕೈಯಲ್ಲಿದ್ದವು. ಹಳೆಯದನ್ನು ಹೊಸದಕ್ಕೆ ತಿರುಗಿಸಬೇಕಿತ್ತು. ಸರ್ಕಾರ ಕೊಟ್ಟ ಪಟ್ಟಿಯನ್ನು ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಮಗ್ಗಿಯ ಹಾಗೆ ಹೇಳಿಸಿದರು. ಒಂದಾಣೆ ಆರು, ಎರಡಾಣೆ ಹನ್ನೆರಡು, ಮೂರಾಣೆ ಹತ್ತೊಂಬತ್ತು, ನಾಲ್ಕಾಣೆ ಇಪ್ಪತ್ತೈದು. ಮೂರಾರಲ ಹದಿನೆಂಟು ಅಲ್ವಾ ಅಂತ ಒಬ್ಬ ಕೇಳಿದ. ಒಂದಾಣೆಗೆ ಸರಿಯಾಗಿ ಆರೂಕಾಲು ಪೈಸೆ, ಮೂರಕ್ಕೆ ಹದಿನೆಂಟೂ ಮುಕ್ಕಾಲು, ಅದಕ್ಕೇ ಹತ್ತೊಂಬತ್ತು ಅಂತ ಮೇಷ್ಟ್ರು ಬಿಡಿಸಿ ಹೇಳಿದರು. ಕಾಲು, ಮುಕ್ಕಾಲು ಎಲ್ಲಿ ಕೆಲಸಕ್ಕೆ ಬರುತ್ತದೆ ಅಂತ ಅವತ್ತು ತಿಳಿಯಿತು.

ಇದನ್ನು ಮನೆಯಲ್ಲಿ ಅಜ್ಜಿಗೆ ಹೇಳಿದೆ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ಬೆರಳು ಎಣಿಸಿ, 'ಹಾಗಾದ್ರೆ ಒಂದೊಂದಾಣೆದು ಮೂರು ಸಲ ತಂದ್ರೆ ಒಂದು ಪೈಸೆ ಉಳೀತದಲ್ಲೋ' ಅಂದಳು. ಅವತ್ತಿನಿಂದ ಎಲೆ ಅಡಿಕೆ ತರಲು ಅಂಗಡಿಗೆ ನನ್ನ ಓಡಾಟ ಜಾಸ್ತಿಯಾಯಿತು. ಇಡೀ ಊರಿನಲ್ಲಿ ಆ ಬೇಸಿಗೆ ಲೆಕ್ಕ ಹೇಳಿಕೊಟ್ಟವರು ಮಕ್ಕಳೇ. ಜಗಲಿಯ ಮೇಲೆ ದೊಡ್ಡವರು ಕೂರಿಸಿಕೊಂಡು, 'ಏಳಾಣೆಗೆ ಎಷ್ಟಪ್ಪಾ?' ಅಂತ ಕೇಳುತ್ತಿದ್ದರು. ನಲವತ್ತನಾಲ್ಕು ಅಂತ ಥಟ್ಟನೆ ಹೇಳಿದರೆ ಬೆನ್ನು ತಟ್ಟುತ್ತಿದ್ದರು.

ತೂಕದ ಬದಲಾವಣೆ ಆಮೇಲಿನದು. ಅಕ್ಟೋಬರ್ 1958ರಿಂದ ಮೆಟ್ರಿಕ್ ತೂಕ ಹಂತ ಹಂತವಾಗಿ ಬಂತು. ಕಚ್ಚಾ ಸೇರು, ಪಕ್ಕಾ ಸೇರು ಅಂತ ಕೊಬ್ಬರಿ ವ್ಯಾಪಾರದಲ್ಲಿ ನಡೆಯುತ್ತಿದ್ದ ಜಗಳಗಳು ಅದರಿಂದ ಕಡಿಮೆಯಾದವು. 80 ತೊಲದ ಪಕ್ಕಾ ಸೇರು ಅಂದರೆ ಸುಮಾರು 933 ಗ್ರಾಂ. ಕಿಲೋ ಅದಕ್ಕಿಂತ ಸ್ವಲ್ಪ ಜಾಸ್ತಿ. ಅಪ್ಪನಿಗೆ ಇದನ್ನು ಒಪ್ಪಿಸಲು ತುಂಬ ದಿನ ಬೇಕಾಯಿತು.

ಹಳೆಯದೇ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಹೊಸ ಲೆಕ್ಕ ಬಂದದ್ದು ಬಡವರಿಗೆ ನಿಜವಾಗಿಯೂ ಉಪಕಾರವಾಯಿತು. ಆದರೆ ಇಷ್ಟು ದೊಡ್ಡ ಬದಲಾವಣೆಯನ್ನು ಮನೆಮನೆಗೆ ಮುಟ್ಟಿಸಿದವರು ಸ್ಲೇಟು ಹಿಡಿದ ಮಕ್ಕಳು, ಮತ್ತು ಅವರಿಗೆ ಕಲಿಸಿದ ಕಡಿಮೆ ಸಂಬಳದ ಮೇಷ್ಟ್ರುಗಳು. ಕಾನೂನು ಬಂದ ತಾರೀಖು ಪುಸ್ತಕದಲ್ಲಿ ಸಿಗುತ್ತದೆ. ಇದ್ದಿಲ ನಕ್ಷೆ ಎಲ್ಲಿಯೂ ಸಿಗುವುದಿಲ್ಲ. ಆ ಗೋಡೆಯೂ ಈಗಿಲ್ಲ.

ಶತಮಾನೋತ್ಸವ ಮಾಡುವ ಶಾಲೆಗಳಲ್ಲಿ ನನ್ನ ಕೋರಿಕೆ ಇಷ್ಟೇ. ಕಾರ್ಯಕ್ರಮಕ್ಕೆ ಮೊದಲು ಒಂದು ಮಧ್ಯಾಹ್ನ ಊರಿನ ಹಿರಿಯ ವಿದ್ಯಾರ್ಥಿಗಳನ್ನು ಕರೆಸಿ. ಏಳನೇ ಕ್ಲಾಸಿನ ಮಕ್ಕಳನ್ನು ಎದುರು ಕೂರಿಸಿ. ಸುಮ್ನೆ ಭಾಷಣ ಬೇಡ. ಮಕ್ಕಳೇ ಕೇಳಲಿ, ಅವರೇ ಬರೆದುಕೊಳ್ಳಲಿ. ಆ ನೋಟ್‌ಬುಕ್ ಶಾಲೆಯ ಬೀರುವಿನಲ್ಲಿ ಇರಲಿ. ಖರ್ಚು ಏನೂ ಇಲ್ಲ. ಆದರೆ ಬೇಗ ಮಾಡಬೇಕು. ನನ್ನ ಜೊತೆ ಆ ಹಜಾರದಲ್ಲಿ ಕೂತವರಲ್ಲಿ ಈಗ ಉಳಿದವರು ಕೆಲವರೇ.

ನಿಮ್ಮಲ್ಲೂ ಒಂದು ಬಿನ್ನಹ. ಬೇರೆ ಕಡೆಯವರಿಗೂ ಹೀಗೆ ಬರೆಯಲು ಜಾಗ ಕೊಡಿ. ಬೀದರ್, ಕಲಬುರಗಿ, ರಾಯಚೂರಿನ ಹುಡುಗರು ಹೈದರಾಬಾದಿನ ನಿಜಾಮರ ಸ್ವಂತ ನಾಣ್ಯವಾದ ಹಾಲಿ ಸಿಕ್ಕಾ ರೂಪಾಯಿಯನ್ನೂ ಕಂಡವರು. ಅವರಿಗೆ ಕೆಲವೇ ವರ್ಷದಲ್ಲಿ ದುಡ್ಡು ಎರಡು ಸಲ ಬದಲಾಯಿತು. ಧಾರವಾಡದವರು ಮುಂಬೈ ನಕ್ಷೆ, ಮಂಗಳೂರಿನವರು ಮದ್ರಾಸ್ ನಕ್ಷೆ ನೋಡಿ ಓದುತ್ತಿದ್ದರು. 1956ರ ನವೆಂಬರಿನಲ್ಲಿ ಅವರ ಮೇಷ್ಟ್ರುಗಳು ಏನು ಹೇಳಿದರು, ಗೋಡೆಯ ಮೇಲೆ ನಮ್ಮ ತುಮಕೂರನ್ನು ಎಲ್ಲಿ ಬರೆದರು ಅನ್ನುವುದನ್ನು ಓದಲು ನನಗೆ ತುಂಬಾ ಆಸೆ ಇದೆ.

– ಒಬ್ಬ ಹಳೆಯ ವಿದ್ಯಾರ್ಥಿ, ತಿಪಟೂರು ತಾಲ್ಲೂಕು